ದೇವರ ಹೆಸರಿನಲ್ಲಿ ಕಿತ್ತ ಡ್ಯಾಫೊಡಿಲ್

ನಾನು ಐವತ್ತು ವರ್ಷ ಹೂವು ಕದ್ದಿದ್ದೇನೆ. ಕದಿಯುವುದು ಎಂಬ ಮಾತನ್ನು ಈಚೆಗಷ್ಟೇ ಬಳಸಲು ಕಲಿತೆ. ಅದಕ್ಕೆ ಮುಂಚೆ ‘ಹೂವು ಬಿಡಿಸಿಕೊಂಡು ಬರುವುದು’ ಎನ್ನುತ್ತಿದ್ದೆ. ಮೈಸೂರಿನಲ್ಲಿ ನನ್ನ ವಯಸ್ಸಿನವರೆಲ್ಲ ಹಾಗೆಯೇ ಅನ್ನುತ್ತಾರೆ.

ಬೆಳಗ್ಗೆ ಐದೂವರೆಗೆ ಎದ್ದು, ಮಂಕಿ ಟೋಪಿ ಹಾಕಿಕೊಂಡು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್, ಇನ್ನೊಂದು ಕೈಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದು ಹೊರಡುವುದು. ವಾಕಿಂಗ್ ಎಂದು ಅದರ ಹೆಸರು. ಬಡಾವಣೆಯ ಯಾವ ಮನೆಯಲ್ಲಿ ಯಾವ ದಾಸವಾಳ, ಯಾವ ಮನೆಯವರು ಏಳುವುದು ತಡ, ಯಾವ ನಾಯಿ ಬರೀ ಬೊಗಳುತ್ತದೆ, ಇದೆಲ್ಲ ನಮಗೆ ಬಾಯಿಪಾಠ. ನಿಯಮಗಳೂ ಇದ್ದವು. ಕಾಂಪೌಂಡಿನಿಂದ ಆಚೆ ಬಾಗಿದ ರೆಂಬೆ ಸಾರ್ವಜನಿಕರದ್ದು. ಒಳಗಿರುವುದು ಮನೆಯವರದ್ದು, ಆದರೆ ಕೋಲು ಎಲ್ಲಿಯವರೆಗೆ ಎಟಕುತ್ತದೋ ಅಲ್ಲಿಯವರೆಗೂ ಆಚೆ ಎಂದೇ ಅರ್ಥ. ಮನೆಯವರ ದೇವರಿಗೆ ಅಂತ ಒಂದು ಹೂವು ಬಿಟ್ಟು ಬರಬೇಕು. ಯಾರಾದರೂ ಕಿಟಕಿ ತೆರೆದು ನೋಡಿದರೆ ‘ದೇವರ ಪೂಜೆಗೆ’ ಎನ್ನಬೇಕು. ಆಮೇಲೆ ಮಾತಾಡುವವರು ದೇವರ ವಿರೋಧಿಗಳಾಗುತ್ತಾರೆ, ನಾವಲ್ಲ.

ನಮ್ಮ ಮನೆಯ ಮುಂದೆಯೂ ಒಂದು ನಂದಿಬಟ್ಟಲು ಗಿಡವಿತ್ತು. ಒಂದು ದಿನ ಪಕ್ಕದ ಬೀದಿಯವರು ಅದಕ್ಕೆ ಕೈ ಹಾಕಿದಾಗ ನಾನು ಬನಿಯನ್ನಿನಲ್ಲೇ ಗೇಟಿನವರೆಗೆ ಓಡಿ, ಮೂರು ಮನೆಗೆ ಕೇಳಿಸುವಂತೆ ಕೂಗಾಡಿದ್ದೆ. ಆಗ ನನ್ನ ಕೈಯಲ್ಲಿದ್ದ ಕವರಿನಲ್ಲಿ ಅವರ ಮನೆಯ ಕಣಗಿಲೆಯಿತ್ತು.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವನಾಗಿ ಸೇರಿ, ಕೊನೆಗೆ ಕನ್ನಡ, ಇಂಗ್ಲಿಷ್ ಎರಡರ ಪ್ರೂಫೂ ನೋಡುವವನಾಗಿ ನಿವೃತ್ತನಾದೆ. ಇದನ್ನು ಹೇಳಲು ಕಾರಣವಿದೆ. ಇಂಗ್ಲಿಷ್ ಮಾತಾಡಲು ನಾಲಿಗೆ ಹೊರಳದಿದ್ದರೂ ಓದಿದ್ದು, ಕೇಳಿದ್ದು ನನಗೆ ಅರ್ಥವಾಗುತ್ತದೆ. ಅರ್ಥವಾಗದ ಹಾಗೆ ಮುಖ ಮಾಡುವುದೂ ಚೆನ್ನಾಗಿ ಬರುತ್ತದೆ.

ನಮ್ಮ ಮೂವರು ಮಕ್ಕಳೂ ಆಸ್ಟ್ರೇಲಿಯಾದಲ್ಲಿದ್ದಾರೆ, ಮೂರು ಊರಿನಲ್ಲಿ. ದೊಡ್ಡ ಮಗಳು ಪರ್ತ್‌ನಲ್ಲಿ, ಮಗ ಬ್ರಿಸ್ಬೇನಿನಲ್ಲಿ, ಚಿಕ್ಕ ಮಗಳು ಅಡಿಲೇಡಿನಲ್ಲಿ. ನಾನೂ ನನ್ನ ಹೆಂಡತಿಯೂ ವರ್ಷವಿಡೀ ಈ ಮೂರು ಮನೆಗಳ ನಡುವೆ ಸುತ್ತುತ್ತಿರುತ್ತೇವೆ. ಅವಳ ಸೂಟ್‌ಕೇಸಿನಲ್ಲಿ ಬೆಳ್ಳಿಯ ಲಕ್ಷ್ಮಿ ಮುಖವಾಡ, ಕಲಶದ ಚೊಂಬು, ಆರತಿ ತಟ್ಟೆ. ನನ್ನದರಲ್ಲಿ ಮಂಕಿ ಟೋಪಿ. ಕೋಲನ್ನು ವಿಮಾನದೊಳಗೆ ತರಲು ಬಿಡಲಿಲ್ಲ.

ಹೆಂಡತಿ ದಿನವೂ ಪೂಜೆ ಮಾಡುತ್ತಾಳೆ, ನಾನು ಹೂವು ತರುತ್ತೇನೆ. ಎಲ್ಲಿಂದ ತಂದಿರಿ ಎಂದು ಮದುವೆಯಾದಾಗಿನಿಂದ ಒಂದು ದಿನವೂ ಅವಳು ಕೇಳಿದವಳಲ್ಲ. ನಮ್ಮ ದಾಂಪತ್ಯ ಸುಖವಾಗಿರುವುದಕ್ಕೆ ಅದೂ ಒಂದು ಕಾರಣ ಎಂದುಕೊಂಡಿದ್ದೆ.

ಮೊದಲು ಹೋದದ್ದು ಪರ್ತ್‌ಗೆ. ಸೆಪ್ಟೆಂಬರ್ ತಿಂಗಳು, ಅಲ್ಲಿಯ ವಸಂತ. ಮಗಳ ಮನೆಯ ಹಿಂದೆ ಕುರುಚಲು ಕಾಡಿನ ಒಂದು ತುಂಡು. ಅದರ ತುಂಬ ಹೂವು, ಕಾವಲಿಗೆ ಯಾರೂ ಇಲ್ಲ. ಕಾಂಗರೂ ಪಂಜ ಅಂತ ಒಂದು ಹೂವು. ಕೆಂಪು ಕಾಂಡ, ಹಸಿರು ಉಗುರು, ಮೇಲೆ ಮುಟ್ಟಿದರೆ ಬೆಕ್ಕಿನ ಮೈಯಂಥ ರೋಮ. ಅದನ್ನು ಯಾವ ದೇವರಿಗೆ ಏರಿಸಬಹುದು ಎಂದು ಯೋಚಿಸುತ್ತಲೇ ಕವರ್ ತುಂಬಿಸಿದೆ. ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬಳು ನಿಂತು ಅದೇನೋ ದೀರ್ಘವಾಗಿ ಹೇಳಿದಳು. ನಾನು ಅರ್ಥವಾಗದ ಮುಖ ಮಾಡಿ ಕೈ ಮುಗಿದೆ. ಅವಳು ನನ್ನ ಹಿಂದೆಯೇ ಮನೆಯವರೆಗೂ ಬಂದು ಮಗಳಿಗೆ ಅದೇ ಭಾಷಣವನ್ನು ಮತ್ತೊಮ್ಮೆ ಮಾಡಿದಳು.

“ಅಪ್ಪ, ಇಲ್ಲಿ ಕಾಡುಹೂವು ಕೀಳೋ ಹಾಗಿಲ್ಲ. ಕಾನೂನಿದೆ,” ಎಂದಳು ಮಗಳು.

“ದೇವರಿಗೆ ಕಣಮ್ಮ.”

“ಆಯಮ್ಮನ ಹತ್ರ ಅದನ್ನೇ ಹೇಳಿದೆ. ಯಾವ ದೇವರು ಕೇಳಿದ್ದು ಅಂತ ಕೇಳಿದ್ಲು. ನೀನೇ ಹೋಗಿ ಹೇಳು.”

ಬ್ರಿಸ್ಬೇನಿನಲ್ಲಿ ನನಗೆ ಮರ್ಯಾದೆ ಸಿಕ್ಕಿತು. ಮಗನ ಮನೆ ಕ್ಯಾಲಮ್‌ವೇಲಿನಲ್ಲಿ. ಆ ಕಡೆಯ ಮನೆಗಳ ಮುಂದೆ ಕಾಂಪೌಂಡ್ ಗೋಡೆಯೇ ಇರುವುದಿಲ್ಲ. ಗೋಡೆ ಇಲ್ಲದ ಮೇಲೆ ಒಳಗೆ ಯಾವುದು, ಆಚೆ ಯಾವುದು? ನನ್ನ ನಿಯಮದ ಪ್ರಕಾರ ಇಡೀ ಬಡಾವಣೆಯೇ ಆಚೆಗಿತ್ತು. ದಾಸವಾಳ, ದೇವಕಣಗಿಲೆ, ಬೊಗಸೆ ಬೊಗಸೆ. ಬೆಳಗಿನ ವಾಕಿಂಗಿಗೆ ಬರುತ್ತಿದ್ದ ನಾಲ್ಕೈದು ಜನ ಬೆಂಗಳೂರಿನ ಅಂಕಲ್‌ಗಳಿಗೆ ನಾನು ಹೂವು ಬಿಡಿಸುವ ಕ್ರಮ ಹೇಳಿಕೊಟ್ಟೆ. ಅವರು ಇಂಜಿನಿಯರುಗಳ ಅಪ್ಪಂದಿರು, ಡಿಗ್ರಿ ಓದಿದವರು. ನಾನು ಹತ್ತನೇ ಕ್ಲಾಸು. ಆದರೂ ಆ ವಿಷಯದಲ್ಲಿ ನನ್ನ ಮಾತೇ ಕಡೆಯ ಮಾತಾಗಿತ್ತು. ಮಗ ಮಾತ್ರ ಒಂದು ದಿನ ತಿಂಡಿ ತಿನ್ನುತ್ತಾ, “ಅಪ್ಪ, ಇಲ್ಲಿ ಬಾಗಿಲ ಬೆಲ್ಲಿಗೂ ಕ್ಯಾಮೆರಾ ಇರುತ್ತೆ. ನೀವು ದಿನಾ ಎಲ್ಲರ ಮನೆ ಫೋನಲ್ಲೂ ಬರ್ತಾ ಇದ್ದೀರ,” ಎಂದ. ಮರುದಿನದಿಂದ ನಾನು ಹೂವು ಕಿತ್ತ ಮೇಲೆ ಬೆಲ್ಲಿನ ಕಡೆ ತಿರುಗಿ ಒಂದು ನಮಸ್ಕಾರ ಹಾಕುವುದನ್ನು ರೂಢಿ ಮಾಡಿಕೊಂಡೆ.

ಇಷ್ಟು ಹೇಳಿದ್ದು ನಗಿಸಲಿಕ್ಕಲ್ಲ. ಅಡಿಲೇಡಿಗೆ ಬಂದಾಗ ನಾನು ಎಂಥ ಮನುಷ್ಯನಾಗಿದ್ದೆ ಎಂದು ತಿಳಿಯಲಿ ಎಂದು.

ಅಡಿಲೇಡಿನ ಮಗಳು ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಮನೆ ಅಲ್ಲಿಂದ ಹತ್ತು ನಿಮಿಷ, ಗುಡ್ಡದ ಬುಡದ ಒಂದು ಇಳಿಜಾರು ರಸ್ತೆಯಲ್ಲಿ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಮುದುಕಿ ಒಬ್ಬರೇ ಇದ್ದಾರೆ. ಮದುವೆ ಮಾಡಿಕೊಂಡವರಲ್ಲ. ಗುಡ್ಡದ ಮೇಲಿದ್ದ ಅವರ ತಾಯಿಯ ಮನೆಯನ್ನು ಮಾರಿ ಇಲ್ಲಿಗೆ ಬರುವಾಗ, ಸಾಮಾನಿಗಿಂತ ಹೆಚ್ಚಾಗಿ ಗಡ್ಡೆಗಳನ್ನೇ ತಂದರಂತೆ. ಡ್ಯಾಫೊಡಿಲ್ ಗಡ್ಡೆಗಳು. ನೋಡಲು ಈರುಳ್ಳಿಯ ಹಾಗಿದ್ದು, ಬೇಸಿಗೆಯೆಲ್ಲ ಮಣ್ಣಿನಲ್ಲಿ ಸತ್ತಂತೆ ಮಲಗಿ, ಚಳಿ ಬಂದಾಗ ಏಳುತ್ತವೆ. ಈಗಿನ ಅಂಗಡಿಯ ಹೂವಿನಂತೆ ದಪ್ಪವಾಗಿ, ಒಂದೇ ಅಳತೆಯಲ್ಲಿ ಇರುವುದಿಲ್ಲ. ಹಳೆಯ ತಳಿ, ಕೆಲವು ತಲೆ ತಗ್ಗಿಸಿ, ಕೆಲವು ಮುಖ ಓರೆ ಮಾಡಿ ನಿಂತಿರುತ್ತವೆ. ಆಗಸ್ಟ್ ಬಂತೆಂದರೆ ಅವರ ಅಂಗಳದಲ್ಲಿ ಪ್ಲಮ್ ಮರ ಬರೀ ಕೊಂಬೆಯ ಮೇಲೆ ಬಿಳಿ ಹೂ ಸುರಿದುಕೊಂಡಿರುತ್ತದೆ, ಕೆಳಗೆ ಹಳದಿ, ಕೆನೆ ಬಣ್ಣ, ನಡುನಡುವೆ ನೀಲಿಯ ಪುಟ್ಟ ಗೊಂಚಲುಗಳು.

ಹಳೆಯ ಕಿಟಕಿ ಪರದೆಯ ಪ್ಲಾಸ್ಟಿಕ್ ಪಟ್ಟಿಗಳನ್ನು ಕತ್ತರಿಸಿ, ಪೆನ್ಸಿಲಿನಲ್ಲಿ ಬರೆದು, ಪ್ರತಿ ಗುಂಪಿನ ಮುಂದೂ ಅವರು ಚುಚ್ಚಿದ್ದರು. ಪ್ರೂಫ್ ನೋಡಿದ ಕಣ್ಣು, ಎಲ್ಲವನ್ನೂ ಓದಿದೆ. ಹೂವಿನ ಹೆಸರಿರಲಿಲ್ಲ. ಎಲ್ಲಿಂದ ಬಂದದ್ದು ಎಂದಿತ್ತು. ‘ಚರ್ಚಿನ ಬಾವಿ ಹತ್ತಿರ’, ‘ದೊಡ್ಡಮ್ಮ’, ‘ಹಾಲಿನವನ ಹೆಂಡತಿ’. ನಮ್ಮ ಕಡೆಗೆ ಹತ್ತಿರವಾಗಿ, ಮೊಣಕಾಲೆತ್ತರದ ಬೇಲಿಗಿಡದ ಆಚೆ ಒಂದೇ ಒಂದು ಗುಂಪು. ಅದರ ಪಟ್ಟಿಯಲ್ಲಿ ‘ಅಮ್ಮ, ಹಿಂದಿನ ಬೇಲಿ’ ಎಂದಿತ್ತು.

ಆ ಗುಂಪಿನಲ್ಲಿ ಎಲೆ ಧಾರಾಳ, ಹೂವಿಲ್ಲ. ಮಣ್ಣು ಬದಲಾದ ಮೇಲೆ ಅದು ಮುನಿಸಿಕೊಂಡಿದೆ ಎಂದರು ಪಕ್ಕದ ಮನೆಯವರು. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ. ನಾಲ್ಕು ವರ್ಷ ಮೊಗ್ಗು ಬಂದರೂ ಒಳಗೇ ಒಣಗಿಹೋಯಿತಂತೆ. ಈ ವರ್ಷ ಮಳೆ ಚೆನ್ನಾಗಿದ್ದು ಒಂದು ಮೊಗ್ಗು ತುಂಬಿಕೊಂಡಿತ್ತು. ಅವರು ದಿನವೂ ಅದರ ಪಕ್ಕ ಮಣೆಯಂಥದ್ದೊಂದನ್ನು ಹಾಕಿಕೊಂಡು ಕೂತು ನೋಡುವರು.

ಹಬ್ಬದ ವಾರ ಅದು ಬಿರಿಯಿತು. ಅಂಥ ಹೂವನ್ನು ನಾನು ನೋಡಿರಲಿಲ್ಲ. ಸೇವಂತಿಗೆಯನ್ನು ಯಾರೋ ಹರಿದು, ಅವಸರದಲ್ಲಿ ಮತ್ತೆ ಜೋಡಿಸಿಟ್ಟ ಹಾಗೆ. ಹಳದಿಯ ನಡುವೆ ಅಲ್ಲಲ್ಲಿ ಹಸಿರು ಎಸಳು.

ಬುಧವಾರ ಮಧ್ಯಾಹ್ನ ಅವರು ಬೇಲಿಯ ಹತ್ತಿರ ನನ್ನನ್ನು ಕರೆದು ಹೇಳಿದರು. ಅವರಿಗೊಬ್ಬರು ಅಕ್ಕ. ವೃದ್ಧಾಶ್ರಮದಲ್ಲಿದ್ದಾರೆ, ನೆನಪು ಹೋಗುತ್ತಿದೆ. ತಂಗಿಯ ಗುರುತೂ ಒಂದು ದಿನ ಇದ್ದರೆ ಒಂದು ದಿನ ಇಲ್ಲ. ಈ ಹೂವು ತಾಯಿಯ ಮನೆಯದು. ಅದನ್ನು ಕಂಡರೆ ಏನಾದರೂ ನೆನಪಾಗಬಹುದು. ಭಾನುವಾರ ಪೂರ್ತಿ ಅರಳಿರುತ್ತದೆ, ಆಗ ತೆಗೆದುಕೊಂಡು ಹೋಗುತ್ತೇನೆ. ಮುಂದಿನ ವರ್ಷಕ್ಕೆ ಅಕ್ಕ ಇನ್ನೆಷ್ಟು ಉಳಿದಿರುತ್ತಾಳೋ.

ನಾನು “ಯೆಸ್, ಯೆಸ್, ವೆರಿ ನೈಸ್” ಎಂದೆ.

ಭಾಷೆ ತಿಳಿಯಲಿಲ್ಲ ಎಂದು ಇಲ್ಲಿ ಬರೆದುಬಿಟ್ಟರೆ ಯಾರೂ ನನ್ನನ್ನು ಹಿಡಿಯಲಾರರು. ಮಗಳು ಕೂಡ ಹಾಗೆಯೇ ನಂಬಿದ್ದಾಳೆ. ಆದರೆ ತಿಳಿದಿತ್ತು. ಅಕ್ಕ, ಹೂವು, ಭಾನುವಾರ, ಎಲ್ಲವೂ ತಿಳಿದಿತ್ತು. ಈ ತಪ್ಪೊಪ್ಪಿಗೆಯಲ್ಲಿ ನಾನು ಹೇಳಬೇಕಾಗಿದ್ದ ಮುಖ್ಯ ಮಾತು ಇದೇ.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಬ್ರಿಸ್ಬೇನಿನಿಂದ ಸೊಸೆ ಹಿಂದಿನ ದಿನವೇ ತಮ್ಮ ಮನೆಯ ಮಂಟಪದ ಫೋಟೋ ಕಳಿಸಿದ್ದಳು. ಪರ್ತ್‌ನವಳು ವಿಡಿಯೋ. ನಮ್ಮಲ್ಲಿ ಇಂಡಿಯನ್ ಅಂಗಡಿಯ ಫ್ರೀಜರಿನಿಂದ ತಂದ ಮಲ್ಲಿಗೆ ಮಾತ್ರ ಇತ್ತು. ಕರಗಿದ ಮೇಲೆ ಅದು ಬೇಯಿಸಿದ ಸೊಪ್ಪಿನಂತಾಯಿತು. ಹೆಂಡತಿ ಅದನ್ನು ಎತ್ತಿ ನೋಡಿ ಕೆಳಗಿಟ್ಟಳು. ಮೂರು ಮನೆಗಳ ಪೂಜೆಯಲ್ಲಿ ನಮ್ಮದು ಸೋಲುವ ಹಾಗೆ ಕಂಡಿತು. ದೇವರಿಗೋಸ್ಕರ ಎಂದು ನಾನು ಹೇಳಿಕೊಂಡೆ. ನಿಜವಾಗಿ ವಾಟ್ಸ್ಯಾಪ್ ಗ್ರೂಪಿಗೋಸ್ಕರ.

ಬೆಳಕು ಹರಿಯುವ ಹೊತ್ತಿಗೆ ಮಂಕಿ ಟೋಪಿ ಹಾಕಿಕೊಂಡು ಹೊರಗೆ ಹೋದೆ. ಬೇಲಿಗಿಡ ದಾಟಲು ಕೋಲೂ ಬೇಕಿರಲಿಲ್ಲ. ಬಗ್ಗಿ ಉಗುರಿನಿಂದ ಚಿವುಟಿದೆ. ಮನೆಯವರ ದೇವರಿಗೆ ಒಂದು ಬಿಡಬೇಕೆಂಬ ನಿಯಮ ನೆನಪಾಯಿತು. ಇದ್ದದ್ದೇ ಒಂದು.

ಕಲಶದ ತೆಂಗಿನಕಾಯಿಗೆ ಬೆಳ್ಳಿ ಮುಖವಾಡ ಕಟ್ಟಿ, ಹೆಂಡತಿ ಆ ಹೂವನ್ನು ಅಮ್ಮನವರ ನೆತ್ತಿಯ ಮೇಲಿಟ್ಟಳು. ಅರಿಶಿನ, ಕುಂಕುಮ ಏರಿಸಿದಳು. ಫೋಟೋ ಹೋಯಿತು. ಪರ್ತ್‌ನಿಂದಲೂ ಬ್ರಿಸ್ಬೇನಿನಿಂದಲೂ ಒಂದೇ ಪ್ರಶ್ನೆ: ಇದು ಯಾವ ಹೂವು, ಎಲ್ಲಿ ಸಿಕ್ಕಿತು? ನಾನು ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಮಾಡಿದ್ದೆಲ್ಲ ಸಾರ್ಥಕವಾಯಿತು ಎಂದುಕೊಂಡೆ.

ಹನ್ನೊಂದು ಗಂಟೆಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ನಾನೂ ಹೆಂಡತಿಯೂ ಹೊಸ್ತಿಲಲ್ಲಿ ನಿಂತೆವು.

“ನನ್ನ ಹೂವು ಹೋಯಿತು,” ಎಂದರು. “ನೀವು ಬೆಳಗ್ಗೆ ಬೇಗ ಏಳುತ್ತೀರಲ್ಲ, ಏನಾದರೂ ನೋಡಿದಿರಾ? ಕೊರೆಲ್ಲಾಗಳೋ ಏನೋ.”

ಕೊರೆಲ್ಲಾ ಎಂದರೆ ಬಿಳಿಯ ಗಿಳಿಯಂಥ ಹಕ್ಕಿ. ಗುಂಪುಗುಂಪಾಗಿ ಬಂದು ಕಿರುಚುತ್ತವೆ. ಅವಕ್ಕೆಂದೇ ಅವರು ಅಂಗಳದ ಒಂದು ಕಂಬದ ಮೇಲೆ ಮಣ್ಣಿನ ಬಟ್ಟಲಿನಲ್ಲಿ ದಿನವೂ ನೀರು ಇಡುತ್ತಿದ್ದರು.

“ಯೆಸ್,” ಎಂದೆ. “ಐ ಸಾ. ವೈಟ್ ಬರ್ಡ್. ವೆರಿ ಬ್ಯಾಡ್ ಬರ್ಡ್.”

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಹಿಂದಕ್ಕೆ ಹೋಗಿ, ಬಟ್ಟಲಿನ ನೀರು ಚೆಲ್ಲಿ, ಅದನ್ನು ಕಂಬದ ಮೇಲೆ ಬೋರಲು ಹಾಕಿದರು.

ಇಲ್ಲಿಗೆ ಮುಗಿಯುತ್ತಿತ್ತು, ಮಗಳು ಸಂಜೆಯ ಅರಿಶಿನ ಕುಂಕುಮಕ್ಕೆ ಅವರನ್ನೂ ಕರೆದಿರದಿದ್ದರೆ. ಕರೆದಿದ್ದಾಳೆಂದು ನನಗೆ ತಿಳಿದದ್ದು ನಾಲ್ಕು ಗಂಟೆಗೆ. ನಾನು ಪಂಚೆ ಸರಿಮಾಡಿಕೊಳ್ಳುವವನಂತೆ ಮಂಟಪದ ಹತ್ತಿರ ಹೋಗಿ, ಹೂವನ್ನು ಮುಖವಾಡದ ಹಿಂದಕ್ಕೆ ಸರಿಸಿದೆ.

“ರೀ, ಯಾಕ್ರೀ ಅದನ್ನ ಹಿಂದಕ್ಕೆ ತಳ್ತೀರ?” ಎಂದು ಹೆಂಡತಿ ಮತ್ತೆ ಮುಂದಿಟ್ಟಳು.

ಆಮೇಲೆ ನಾನು ಕುರ್ಚಿಯನ್ನೇ ಮಂಟಪಕ್ಕೆ ಅಡ್ಡವಾಗಿ ಎಳೆದುಕೊಂಡು ಕೂತೆ.

“ತಾತ, ಯು ಆರ್ ಬ್ಲಾಕಿಂಗ್ ದಿ ಗಾಡೆಸ್,” ಎಂದಳು ಮೊಮ್ಮಗಳು.

“ಮಂಡಿ ನೋವು ಕಣೆ.”

“ಮಂಡಿ ನೋವಿಗೆ ಲಕ್ಷ್ಮಿ ಮುಂದೆನೇ ಕೂರಬೇಕಾ,” ಎಂದಳು ಹೆಂಡತಿ. “ಏಳಿ, ಹೆಂಗಸರು ಬರೋ ಹೊತ್ತು.”

ಹೆಂಗಸರು ಬಂದರು. ಮಂಗಳೂರಿನ ಕಡೆಯ ಒಬ್ಬ ಕ್ಯಾಥೊಲಿಕ್ ಆಂಟಿ ಕೂಡ ರೇಷ್ಮೆ ಉಟ್ಟು ಬಂದಿದ್ದರು. ಪಕ್ಕದ ಮನೆಯವರು ಎಲ್ಲರಿಗಿಂತ ಕೊನೆಗೆ, ಕೂದಲು ಬಾಚಿಕೊಂಡು, ಒಂದು ಡಬ್ಬ ಬಿಸ್ಕತ್ತು ಹಿಡಿದು ಬಂದರು. ನಾನು ಅಡುಗೆಮನೆಯ ಬಾಗಿಲಿನ ಹಿಂದೆ ನಿಂತೆ.

ಹೆಂಡತಿ ಅವರಿಗೆ ಕುಂಕುಮವಿಟ್ಟಳು. ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಹಸಿರು ರವಿಕೆ ಕಣ ಕೊಟ್ಟಳು. ಎಲ್ಲರಿಗೂ ಕೊಟ್ಟದ್ದು ಅಷ್ಟೇ. ಆಮೇಲೆ ಮಂಟಪದ ಕಡೆ ತಿರುಗಿ, ಅಮ್ಮನವರ ನೆತ್ತಿಯಿಂದ ಆ ಹೂವನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಎರಡೂ ಕೈಯಲ್ಲಿ ಅವರಿಗೆ ಕೊಟ್ಟಳು.

“ಪ್ರಸಾದ,” ಎಂದಳು. “ಗಾಡ್ ಗಿವಿಂಗ್.”

ಅವರು ಹೂವನ್ನು ನೋಡಿದರು. ತಿರುಗಿಸಿ ತೊಟ್ಟಿನ ತುದಿ ನೋಡಿದರು. ಆಮೇಲೆ ಅಡುಗೆಮನೆಯ ಬಾಗಿಲು ನೋಡಿದರು.

“ನಿಮ್ಮ ದೇವಿಗೆ ಒಳ್ಳೆಯ ಕಣ್ಣಿದೆ,” ಎಂದರು.

ಹೆಂಗಸರೆಲ್ಲ ಸಂತೋಷದಿಂದ ನಕ್ಕರು. ಇಂಥ ಅಭಿಮಾನದ ಮಾತನ್ನು ಒಬ್ಬ ಆಸ್ಟ್ರೇಲಿಯನ್ ಹೆಂಗಸು ಆಡಿದಳಲ್ಲ ಎಂದು ಮಂಗಳೂರಿನ ಆಂಟಿಯ ಕಣ್ಣು ಒದ್ದೆಯಾಯಿತು.

ಮುಂದಿನ ಮೂರು ವಾರ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಬೈದಿದ್ದರೆ ಬಾಯಿ ಇತ್ತು, ಉತ್ತರ ಕೊಡುತ್ತಿದ್ದೆ. ಕೊರೆಲ್ಲಾಗಳು ಮಾತ್ರ ದಿನವೂ ಬೆಳಗ್ಗೆ ಬರುತ್ತಿದ್ದವು. ಕಂಬದ ಮೇಲೆ ಕೂತು, ಬೋರಲು ಬಿದ್ದ ಬಟ್ಟಲನ್ನು ಕೊಕ್ಕಿನಿಂದ ಟಕ್ ಟಕ್ ಎಂದು ಕುಟ್ಟಿ, ತಲೆ ಓರೆ ಮಾಡಿ ನಮ್ಮ ಕಿಟಕಿಯ ಕಡೆ ನೋಡಿ, ಕಿರುಚಿ ಹೋಗುತ್ತಿದ್ದವು. ನಾನು ಕಿಟಕಿಯ ಪರದೆ ಎಳೆದೆ. ಆಗಲೂ ಟಕ್ ಟಕ್ ಕೇಳಿಸುತ್ತಿತ್ತು. ನಲವತ್ತು ಹಕ್ಕಿಗಳ ಮೇಲೆ ಸುಳ್ಳು ಸಾಕ್ಷಿ ಹೇಳಿದವನಿಗೆ ಕಾಫಿ ಕೂಡ ರುಚಿಸಲಿಲ್ಲ.

ಒಂದು ಬೆಳಗ್ಗೆ ಹೆಂಡತಿ ಮಾಡಿದ ಒಬ್ಬಟ್ಟನ್ನು ತಟ್ಟೆಯಲ್ಲಿಟ್ಟುಕೊಂಡು ಅವರ ಬಾಗಿಲಿಗೆ ಹೋದೆ. ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನು ಕಾಗದದ ಮೇಲೆ ಬರೆದು, ಎರಡು ಸಲ ಪ್ರೂಫ್ ನೋಡಿ, ಬಾಯಿಪಾಠ ಮಾಡಿದ್ದೆ. ಅವರು ಬಾಗಿಲು ತೆಗೆದಾಗ ಅದು ಪೂರ್ತಿ ಮರೆತುಹೋಯಿತು.

“ನೋ ಬರ್ಡ್,” ಎಂದೆ. “ಮಿ.”

“ಗೊತ್ತು,” ಎಂದರು ಅವರು. “ಕೊರೆಲ್ಲಾ ಹೂವನ್ನು ಚೂರುಚೂರು ಮಾಡಿ ಅಲ್ಲೇ ಉಗುಳುತ್ತದೆ. ಉಗುರಿನಿಂದ ಚಿವುಟಿ ಮನೆಗೆ ತೆಗೆದುಕೊಂಡು ಹೋಗುವುದಿಲ್ಲ.”

ಹಾಗಾದರೆ ಬಟ್ಟಲನ್ನು ಯಾಕೆ ಬೋರಲು ಹಾಕಿದಿರಿ ಎಂದು ಕೈಸನ್ನೆಯಲ್ಲಿ ಕೇಳಿದೆ.

“ನೀವು ಅದನ್ನು ಎಷ್ಟು ದಿನ ಸಹಿಸಿಕೊಳ್ಳುತ್ತೀರಿ ಅಂತ ನೋಡಲು. ಒಂದು ವಾರ ಅಂದುಕೊಂಡಿದ್ದೆ. ಪರವಾಗಿಲ್ಲ, ಗಟ್ಟಿಗರು.” ಒಬ್ಬಟ್ಟಿನ ತುದಿ ಮುರಿದು ಬಾಯಿಗೆ ಹಾಕಿಕೊಂಡರು. “ಇದರೊಳಗೆ ಏನಿದೆ?”

“ಬೇಳೆ,” ಎಂದೆ. ಇಂಗ್ಲಿಷಿನಲ್ಲಿ ಏನು ಹೇಳಬೇಕೋ ತೋಚಲಿಲ್ಲ.

ಆಮೇಲೆ ಭಾನುವಾರದ ವಿಷಯ ಹೇಳಿದರು. ಪ್ರಸಾದದ ಹೂವನ್ನು ನೀರಿನಲ್ಲಿಟ್ಟುಕೊಂಡು ಅಕ್ಕನ ಹತ್ತಿರ ಹೋದರಂತೆ. ಎಸಳುಗಳ ತುಂಬ ಕುಂಕುಮ. ತೊಳೆಯಲು ಹೋದರೆ ಇನ್ನಷ್ಟು ಹರಡಿತು. ಊದುಬತ್ತಿಯ ವಾಸನೆ ಬೇರೆ. ಅಕ್ಕ ಅದನ್ನು ಕೈಯಲ್ಲಿ ಹಿಡಿದು, ಮೂಸಿ, ಬಹಳ ಹೊತ್ತು ನೋಡಿ, ವಾಪಸು ಕೊಟ್ಟರಂತೆ. “ಇದು ನಮ್ಮದಲ್ಲ. ನಮ್ಮದರಲ್ಲಿ ಕೆಂಪು ಇರಲಿಲ್ಲ,” ಎಂದರಂತೆ.

ಪಕ್ಕದ ಮನೆಯವರು ಇದನ್ನು ಹೇಳುವಾಗ ಕೋಪ ಮಾಡಿಕೊಳ್ಳಲಿಲ್ಲ. ಹವಾಮಾನದ ವಿಷಯ ಹೇಳುವಂತೆ ಹೇಳಿ, ಬಟ್ಟಲು ತೋರಿಸಿ, “ನಾಳೆಯಿಂದ ನೀರು ತುಂಬಿಸುವುದು ನಿಮ್ಮ ಕೆಲಸ,” ಎಂದರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ.

“ಆವತ್ತು ಆಯಮ್ಮ ಬಾಗಿಲಿಗೆ ಬಂದಾಗಲೇ ನನಗೆ ಗೊತ್ತಾಯ್ತು. ಇಂಗ್ಲಿಷ್ ಬರದಿದ್ರೂ ನಿಮ್ಮ ಮುಖ ಓದಕ್ಕೆ ಬರಲ್ವಾ? ಅದಕ್ಕೇ ವಾಪಸ್ ಕೊಟ್ಟೆ.”

“ಮತ್ತೆ ನನ್ನನ್ನ ಯಾಕೆ ಕೇಳಲಿಲ್ಲ?”

“ಐವತ್ತು ವರ್ಷ ಕೇಳಲಿಲ್ಲವಲ್ಲ, ಅದೇ ನನ್ನ ತಪ್ಪು. ಈಗ ಕೇಳಿದ್ರೆ ಪಾಪದಲ್ಲಿ ಪಾಲು ಕೊಡ್ತೀರ ಅಂತ ಭಯ.”

ಅಲ್ಲಿಂದ ನನ್ನ ವಿದ್ಯಾಭ್ಯಾಸ ಶುರುವಾಯಿತು. ಸೆಪ್ಟೆಂಬರ್ ಕೊನೆಗೆ ಹೂವುಗಳೆಲ್ಲ ಮುಗಿದು, ಎಲೆಗಳು ಸೋತು ನೆಲಕ್ಕೆ ಒರಗಿದವು. ಅಂಗಳ ಕೊಳಕಾಗಿ ಕಂಡಿತು. ಉಪಕಾರ ಮಾಡೋಣವೆಂದು ನಾನು ಅವರ ಕತ್ತರಿ ತೆಗೆದುಕೊಂಡು ಎಲೆ ಕತ್ತರಿಸಲು ಕೂತೆ. ಅವರು ಬಟ್ಟೆ ಒಣಹಾಕುತ್ತಿದ್ದವರು, ವಯಸ್ಸನ್ನು ಮರೆತು ಓಡಿ ಬಂದರು. ಎಲೆ ತಾನಾಗಿ ಹಳದಿಯಾಗಿ ಬಾಡುವವರೆಗೂ ಅದು ಗಡ್ಡೆಗೆ ಊಟ ಕಳಿಸುತ್ತಿರುತ್ತದಂತೆ. ಈಗ ಕತ್ತರಿಸಿದರೆ ಮುಂದಿನ ವರ್ಷ ಹೂವಿಲ್ಲ.

“ನೀವು ಕದ್ದಾಗ ಒಂದು ಹೂವು ಹೋಯಿತು,” ಎಂದರು. “ಸಹಾಯ ಮಾಡಿದರೆ ಎಲ್ಲ ಹೋಗುತ್ತದೆ. ದಯವಿಟ್ಟು ಕೂತುಕೊಂಡು ನೋಡಿ ಸಾಕು.”

ಹಾಗಾಗಿ ಎಲೆ ಬಾಡುವುದನ್ನು ಕೂತು ನೋಡಿದೆ. ಗಿಡದಲ್ಲಿರುವ ಹೂವು ಎಷ್ಟು ದಿನ ಇರುತ್ತದೆ, ಬೆಳಗ್ಗೆ ಯಾವ ಕಡೆ ತಿರುಗಿರುತ್ತದೆ, ಹೇಗೆ ಬಾಡುತ್ತದೆ ಎಂದು ನಾನು ಜನ್ಮದಲ್ಲಿ ನೋಡಿರಲಿಲ್ಲ. ನಾನು ಕಂಡ ಹೂವಿಗೆಲ್ಲ ಆಯಸ್ಸು ಒಂದೇ ಬೆಳಗು. ಕವರಿನೊಳಗೆ ಬಿದ್ದ ಮೇಲೆ ಮುಗಿಯಿತು.

ಬೇಸಿಗೆಗೆ ಬ್ರಿಸ್ಬೇನಿಗೆ ಹೋದಾಗ, ಕ್ಯಾಲಮ್‌ವೇಲಿನ ಅಂಕಲ್‌ಗಳ ಮುಂದೆ ಇದನ್ನೆಲ್ಲ ಹೇಳಿ, ಇನ್ನು ಮೇಲೆ ಬಿಡಿಸುವುದು ಬೇಡ ಎಂದೆ. ಅವರಿಗೆ ನನ್ನ ಬಗ್ಗೆ ಕನಿಕರ ಹುಟ್ಟಿತು.

“ಒಂದು ಹೂವಿಗೆ ಇಷ್ಟಾ? ಆಯಮ್ಮ ನಿಮ್ಮನ್ನ ಹೆದರಿಸಿದಾಳೆ,” ಎಂದರು ಒಬ್ಬರು.

“ನಾವೇನು ನಮಗೋಸ್ಕರ ಕೀಳ್ತೀವಾ,” ಎಂದರು ಇನ್ನೊಬ್ಬರು. ಅವರ ಕಿವಿಯ ಮೇಲೆ ಯಾರದೋ ಮನೆಯ ದಾಸವಾಳವಿತ್ತು.

ಮೂರನೆಯವರು ನನ್ನನ್ನು ಪಕ್ಕಕ್ಕೆ ಕರೆದು, “ನೀವೇ ಹೇಳಿಕೊಟ್ಟಿದ್ದಲ್ವಾ ಸರ್, ‘ದೇವರ ಪೂಜೆಗೆ’ ಅನ್ನಬೇಕು ಅಂತ? ನೀವು ಅದನ್ನೇ ಹೇಳಲಿಲ್ಲ ಅನ್ಸತ್ತೆ, ಅದಕ್ಕೇ ಹೀಗಾಯ್ತು,” ಎಂದರು. ಮರುದಿನದಿಂದ ಅವರು ನನಗೆ ಕಾಯದೆ ವಾಕಿಂಗ್ ಹೋದರು.

ಮಗ ಜುಲೈವರೆಗೂ ಇರಿ ಎಂದ. ಇಂಡೂರೂಪಿಲ್ಲಿಯ ಮಾಲಿನಲ್ಲಿ ನನಗೊಂದು ಸ್ವೆಟರ್ ಕೂಡ ಕೊಡಿಸಿದ. ಆ ಸ್ವೆಟರ್ ಹಾಕಿಕೊಂಡು ಮೇ ತಿಂಗಳಲ್ಲೇ ಅಡಿಲೇಡಿಗೆ ಹಿಂತಿರುಗಿದೆ. ಮೊಳಕೆ ಬರುವ ಹೊತ್ತಿಗೆ ನಾನು ಅಲ್ಲಿರಬೇಕಿತ್ತು. ನಾನು ಇದ್ದರೆ ಮೊಳಕೆ ಬರುತ್ತದೆಂದಲ್ಲ. ಹೋದ ವರ್ಷ ನಾನಿದ್ದದ್ದರಿಂದ ಏನಾಯಿತು ಎಂಬುದು ನೆನಪಿತ್ತು.

‘ಅಮ್ಮ, ಹಿಂದಿನ ಬೇಲಿ’ಯಲ್ಲಿ ಈ ಸಲ ಎರಡು ಮೊಗ್ಗು. ದಿನವೂ ಬಟ್ಟಲಿಗೆ ನೀರು ತುಂಬಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಾನು ಅದರ ಮುಂದೆ ನಿಲ್ಲುತ್ತಿದ್ದೆ. ಜುಲೈ ಕೊನೆಗೆ ಒಂದು ವಾರ ಒಣಗಾಳಿ ಬೀಸಿತು. ಒಂದು ಮೊಗ್ಗು ಕಾಗದದಂತೆ ಒಣಗಿತು. ಇನ್ನೊಂದಕ್ಕೆ ನಾನು ಹಬ್ಬದ ಬಾಳೆಲೆ ತಂದು ಮರೆ ಕಟ್ಟಿದೆ. ಅದಾದರೂ ಸರಿಯೇ ಎಂದು ಮೊದಲು ಅವರ ಅಪ್ಪಣೆ ಕೇಳಿದೆ. ಅಕ್ಕನ ಸ್ಥಿತಿ ಅಷ್ಟು ಚೆನ್ನಾಗಿಲ್ಲ ಎಂದು ಆಗಲೇ ತಿಳಿದದ್ದು. ಆಶ್ರಮದವರು ಎರಡು ಸಲ ಫೋನ್ ಮಾಡಿದ್ದರು. ಮೊಗ್ಗು ತನ್ನ ಹೊತ್ತಿಗೆ ತಾನು ಎಂಬಂತೆ ಇನ್ನೂ ಎಂಟು ದಿನ ತೆಗೆದುಕೊಂಡಿತು.

ಅರಳಿದ ದಿನ ಕತ್ತರಿ ತೆಗೆದುಕೊಂಡು ಅವರೇ ಕತ್ತರಿಸಿದರು. ಜಾಮ್ ಬಾಟಲಿಯಲ್ಲಿ ನೀರು ಹಾಕಿ ಅದರಲ್ಲಿ ನಿಲ್ಲಿಸಿ, “ಹಿಡಿದುಕೊಳ್ಳಲು ಒಬ್ಬರು ಬೇಕು, ಬನ್ನಿ,” ಎಂದರು. ನಾನು ಕಾರಿನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಬಾಟಲಿ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು ಕೂತೆ. ಬಾಟಲಿಯ ಕೆಳಗೆ ಹಾಸಿದ್ದು ನನ್ನ ಹೆಂಡತಿ ಕೊಟ್ಟಿದ್ದ ಹಸಿರು ರವಿಕೆ ಕಣ.

ಅಕ್ಕನನ್ನು ಬಿಸಿಲು ಬೀಳುವ ಒಂದು ಕೋಣೆಯಲ್ಲಿ, ಕುರ್ಚಿಯಲ್ಲಿ ದಿಂಬು ಒತ್ತುಕೊಟ್ಟು ಕೂರಿಸಿದ್ದರು. ಅವರು ತಂಗಿಯನ್ನು ಕಂಡು ನರ್ಸಿಗೆ ಹೇಳುವ ಹಾಗೆ ಗುಡ್ ಮಾರ್ನಿಂಗ್ ಎಂದರು. ನಾನು ರವಿಕೆ ಕಣವನ್ನು ಪುಟ್ಟ ಮೇಜಿನ ಮೇಲೆ ಹಾಸಿ ಬಾಟಲಿ ಇಟ್ಟೆ. ಅವರು ಹೂವನ್ನು ನೋಡಿದರು. ಕಿಟಕಿ ನೋಡಿದರು. ಮತ್ತೆ ಹೂವು ನೋಡಿದರು. ತಂಗಿ ತುಟಿ ಕಚ್ಚಿಕೊಂಡು ನಿಂತಿದ್ದರು.

“ಇದನ್ನು ಕಿತ್ತವರು ಯಾರು?” ಎಂದರು ಅಕ್ಕ. ಧ್ವನಿ ತಗ್ಗಿತ್ತು. “ಹಿಂದಿನ ಬೇಲಿಯದನ್ನು ಮುಟ್ಟಬೇಡಿ ಅಂತ ಅಮ್ಮ ಹೇಳಿಲ್ಲವಾ? ಅವಳಿಗೆ ಗೊತ್ತಾದರೆ ಬೆನ್ನಿನ ಚರ್ಮ ಸುಲಿಯುತ್ತಾಳೆ. ನೀನು ತಾನೇ?”

ಕೊನೆಯ ಮಾತು ತಂಗಿಗೆ. ತಂಗಿಯ ಹೆಸರು ಹಿಡಿದೇ ಕೇಳಿದರು.

ನಾನು ಕೈ ಎತ್ತಿದೆ. “ಮಿ,” ಎಂದೆ.

ಅಕ್ಕ ನನ್ನನ್ನು ಮಂಕಿ ಟೋಪಿಯಿಂದ ಚಪ್ಪಲಿಯವರೆಗೆ ನೋಡಿದರು.

“ನೋಡಿದರೇ ಗೊತ್ತಾಗುತ್ತದೆ,” ಎಂದರು. ಆಮೇಲೆ ಮುಂದಕ್ಕೆ ಬಗ್ಗಿ, ರವಿಕೆ ಕಣದ ತುದಿ ಹಿಡಿದು ಎಳೆದು ಹೂವಿನ ಮೇಲೆ ಮುಚ್ಚಲು ನೋಡಿದರು. ಆಗಲಿಲ್ಲ. ನಾನು ಬಾಟಲಿ ಎತ್ತಿಕೊಂಡೆ, ತಂಗಿ ಬಟ್ಟೆ ಹೊದಿಸಿದರು. “ಮಡಿಲಲ್ಲಿ ಇಟ್ಟುಕೋ,” ಎಂದರು ಅಕ್ಕ ನನಗೆ. “ಬಾಯಿ ಬಿಡಬೇಡ. ಅಮ್ಮ ಈಗ ಬರುವ ಹೊತ್ತು.”

ಬಟ್ಟೆಯ ಕೆಳಗೆ ಬಾಟಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತಂಗಿ ಅಕ್ಕನ ಪಕ್ಕ ಒತ್ತಿಕೊಂಡು ಕೂತರು. ಮೂವರೂ ಉಸಿರು ಬಿಗಿ ಹಿಡಿದು, ಬಾಗಿಲ ಕಡೆ ನೋಡುತ್ತಾ ಬಹಳ ಹೊತ್ತು ಕೂತಿದ್ದೆವು.